ಮಕ್ಕಳು 'ತಿಳೀತ್ರಿ ಸರ್' ಅಂತಾರೆ, ಎರಡು ದಿನಕ್ಕೆ ಮರೀತಾರೆ. ಏನು ಮಾಡಲಿ?

ಹೊಸದಾಗಿ ಐದನೇ ತರಗತಿಗೆ ಗಣಿತ ಹೇಳುತ್ತಿದ್ದೀರಿ. ಪಾಠ ಮುಗಿದಾಗ ಎಲ್ಲರೂ ತಿಳೀತು ಅಂತಾರೆ, ಎರಡು ದಿನ ಬಿಟ್ಟು ಕೇಳಿದರೆ ಒಬ್ಬರೂ ಬಾಯಿ ಬಿಡುವುದಿಲ್ಲ, ತಪ್ಪು ನನ್ನದಾ ಮಕ್ಕಳದಾ ಎಂದು ಕೇಳಿದ್ದೀರಿ. ನಾನು ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆ ಒಂದು ಹಳ್ಳಿ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಇದೇ ಪಾಠ ಮಾಡುತ್ತಿದ್ದೇನೆ. ನನಗೆ ಕಂಡಿದ್ದನ್ನು ಹೇಳುತ್ತೇನೆ.

ಮೊದಲು 'ತಿಳೀತಾ?' ಎಂದು ಕೇಳುವುದನ್ನು ಬಿಡಿ. ನಮ್ಮ ಕಡೆ ಹಾಗೆ ಕೇಳಿದರೆ ಇಡೀ ಕ್ಲಾಸು ಒಂದೇ ದನಿಯಲ್ಲಿ "ತಿಳೀತ್ರಿ ಸರ್" ಅನ್ನುತ್ತದೆ. ಮಕ್ಕಳು ಸುಳ್ಳು ಹೇಳುತ್ತಿಲ್ಲ. ಲೆಕ್ಕ ಬೋರ್ಡಿನ ಮೇಲೆ ಕಣ್ಣೆದುರಿಗೇ ಇದ್ದಾಗ ತಿಳಿದ ಹಾಗೆಯೇ ಅನಿಸುತ್ತದೆ. ಬೋರ್ಡು ಒರೆಸಿದ ಮೇಲೆ ಎಷ್ಟು ಉಳಿಯಿತು ಎಂಬುದನ್ನು ನಾವು ನೋಡಬೇಕು.

ಭಿನ್ನರಾಶಿಯನ್ನೇ ತಗೊಳ್ಳಿ. ಕಿರಾಣಿ ಅಂಗಡಿಗೆ ಹೋಗಿ ಬರುವ ಮಗುವಿಗೆ ಅರ್ಧ ಕಿಲೋ ಜಾಸ್ತಿ, ಪಾವ್ ಕಿಲೋ, ಅಂದರೆ ಕಾಲು ಕಿಲೋ, ಕಡಿಮೆ ಅಂತ ಚೆನ್ನಾಗಿ ಗೊತ್ತು. ಅದೇ ಮಗುವಿಗೆ 1/2, 1/4 ಎಂದು ಬರೆದು ತೋರಿಸಿ, 1/4 ದೊಡ್ಡದು ಅನ್ನುತ್ತದೆ. ಎರಡಕ್ಕಿಂತ ನಾಲ್ಕು ದೊಡ್ಡದಲ್ವಾ! ನಾನು ರೊಟ್ಟಿ ತರಿಸಿ ಮಡಚಿಸಿದೆ. ಒಬ್ಬ ಹುಡುಗ ಖಡಕ್ ರೊಟ್ಟಿ ತಂದಿದ್ದ, ಅದು ಹೇಗೆಂದರೆ ಹಾಗೆ ಮುರಿಯಿತು. "ಇವು ನಾಲ್ಕು ತುಂಡು ಆದವು, ಆದರ ಪಾವ್ ಆಗಲಿಲ್ರಿ ಸರ್" ಅಂದ. ಸಮ ಭಾಗ ಅಂದರೇನು ಎಂದು ನಾನು ವಿವರಿಸುವ ಮೊದಲೇ ಅವನೇ ಹೇಳಿದ್ದ. ಅಂದು ಪಾಠ ತುಂಬಾ ಚೆನ್ನಾಗಿ ಆಯಿತು. ಆದರೂ ಎರಡು ದಿನಕ್ಕೆ ಮುಕ್ಕಾಲು ಕ್ಲಾಸು ಮತ್ತೆ 1/4 ದೊಡ್ಡದು ಅಂದಿತು.

ಪಾಠ ಚೆನ್ನಾಗಿ ಆದರೆ ಸಾಲದು, ನೆನಪು ಮಾಡಿಕೊಳ್ಳುವ ಕೆಲಸವನ್ನು ಮಗುವೇ ಮಾಡಬೇಕು. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಓದಲು ಕೊಟ್ಟರು. ಆಮೇಲೆ ಕೆಲವರು ಅದನ್ನೇ ಇನ್ನೊಮ್ಮೆ ಓದಿದರು, ಕೆಲವರು ನೋಡದೆ ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಅವರಿಗೆ ಉಳಿದಿದ್ದು ಸುಮಾರು 42 ಶೇಕಡಾ, ನೋಡದೆ ಬರೆದವರಿಗೆ 56. ನಿಮ್ಮ ಕ್ಲಾಸಿನಲ್ಲಿ ಆಗುತ್ತಿರುವುದೂ ಇದೇ. ಅಂದಿಗೆ ಎಲ್ಲ ಬರುತ್ತದೆ, ಆಮೇಲೆ ಇರುವುದಿಲ್ಲ.

ಹಾಗಾಗಿ ನಾನು ದಿನಾ ಮೊದಲ ಐದು ನಿಮಿಷ ಪಾಟಿ (ಸ್ಲೇಟು) ತೆಗೆಸುತ್ತೇನೆ. ಪುಸ್ತಕ ಮುಚ್ಚಿರಬೇಕು. ಮೂರು ಪ್ರಶ್ನೆ: ನಿನ್ನೆಯದು ಒಂದು, ಹೋದ ವಾರದ್ದು ಒಂದು, ಹೋದ ತಿಂಗಳದ್ದು ಒಂದು. ಬರೆದು ಪಾಟಿ ಎತ್ತಿ ಹಿಡಿದರೆ ಯಾರು ಎಲ್ಲಿ ಎಡವಿದ್ದಾರೆ ಎಂದು ಒಂದೇ ನೋಟಕ್ಕೆ ಕಾಣುತ್ತದೆ. ತಪ್ಪನ್ನು ಆಗಲೇ ಸರಿ ಮಾಡಿ, ತಪ್ಪಾಗಿಯೇ ನೆನಪು ಉಳಿಯಬಾರದು. ಇದಕ್ಕೆ ಮಾರ್ಕ್ಸ್ ಮಾತ್ರ ಹಾಕಬೇಡಿ. ಮಾರ್ಕ್ಸ್ ಅಂದ ಕೂಡಲೇ ಮಕ್ಕಳು ಪಕ್ಕದವರ ಪಾಟಿ ನೋಡುತ್ತಾರೆ, ಆಗ ನಿಮಗೆ ಏನೂ ತಿಳಿಯುವುದಿಲ್ಲ.

ಇನ್ನೊಂದು, ಪ್ರಶ್ನೆ ಕೇಳಿ ಸುಮ್ನೆ ನಿಲ್ಲುವುದನ್ನು ಕಲಿಯಿರಿ. ನನಗೆ ಇದು ಎಲ್ಲಕ್ಕಿಂತ ಕಷ್ಟವಾಯಿತು. ಮೇರಿ ಬಡ್ ರೋ ಎಂಬ ಸಂಶೋಧಕಿ ತರಗತಿಗಳಲ್ಲಿ ಅಳೆದು ನೋಡಿದಾಗ, ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದುದು ಸುಮಾರು ಒಂದೇ ಸೆಕೆಂಡು. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಮಾತಾಡಿದರು. ನಮ್ಮಲ್ಲಿ ಇದು ಇನ್ನೂ ಮುಖ್ಯ. ತಾಂಡಾದಿಂದ ಬರುವ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತದೆ. ನಮ್ಮ ಕನ್ನಡದ ಪ್ರಶ್ನೆಯನ್ನು ತನ್ನ ಮಾತಿಗೆ ತಂದುಕೊಂಡು, ಉತ್ತರ ಹುಡುಕಿ, ಅದನ್ನು ಮತ್ತೆ ಕನ್ನಡಕ್ಕೆ ತರಬೇಕು. ಅಷ್ಟರಲ್ಲಿ ಮುಂದಿನ ಸಾಲಿನವನು ಕೂಗಿಬಿಟ್ಟಿರುತ್ತಾನೆ. ನನ್ನ ಕ್ಲಾಸಿನ ಒಬ್ಬ ಹುಡುಗಿ ದಡ್ಡಿ ಅಂತ ನಾನೇ ಎರಡು ತಿಂಗಳು ಅಂದುಕೊಂಡಿದ್ದೆ. ಆ ಮಾತಿಗೆ ಇಂದಿಗೂ ನೋವಿದೆ. ಪಾಟಿ ಎತ್ತಿಸಲು ಶುರು ಮಾಡಿದ ಮೇಲೆ ನೋಡಿದರೆ ಅವಳ ಉತ್ತರಗಳು ಬಹುತೇಕ ಸರಿ ಇದ್ದವು.

ಕೊನೆಗೆ, ಹತ್ತಿ ಬಿಡಿಸುವ ಕಾಲದಲ್ಲಿ ನಿಮ್ಮ ಕ್ಲಾಸಿನಿಂದಲೂ ಮಕ್ಕಳು ವಾರಗಟ್ಟಲೆ ಕಾಣೆಯಾಗಬಹುದು. ವಾಪಸ್ ಬಂದ ದಿನ ಅವರಿಗೆ ನಿನ್ನೆಯ ಪ್ರಶ್ನೆ ಬರುವುದಿಲ್ಲ, ಹೋದ ವಾರದ್ದೂ ಬರುವುದಿಲ್ಲ. ಹೋದ ತಿಂಗಳದ್ದು ಬರುತ್ತದೆ. ಆ ಒಂದು ಪ್ರಶ್ನೆಯನ್ನು ಮರೆಯದೆ ಇಟ್ಟುಕೊಳ್ಳಿ, ಅವರೂ ಆ ದಿನ ಪಾಟಿ ಎತ್ತುತ್ತಾರೆ.