ರಕ್ತ ತೆಗೆಯುವಾಗ ಮಗುವಿನ ಕೈಗೊಂದು ತಾಳ

ಪ್ರಶ್ನೆ: ನನ್ನ ಮಗಳಿಗೆ ಆರು ವರ್ಷ, ಥಲಸ್ಸೀಮಿಯಾ (ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ) ಇದೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತೇವೆ. ಅದಕ್ಕೂ ಮುಂಚೆ ಪರೀಕ್ಷೆಗೆಂದು ರಕ್ತ ತೆಗೆಯುತ್ತಾರೆ. ಮೊಬೈಲಿನಲ್ಲಿ ಹಾಡು ಹಾಕಿ ನೋಡಿದೆವು, ಸೂಜಿ ಕಂಡ ಕೂಡಲೇ ಕಿರುಚಾಟ. ಸಂಗೀತದಿಂದ ನೋವು ಕಡಿಮೆಯಾಗುತ್ತದೆ ಅನ್ನುವುದು ನಿಜವೇ? ನಿಜವಾದರೆ ಹೇಗೆ ಮಾಡಬೇಕು?

ಉತ್ತರ:

ನಿಜವೇ. ಆದರೆ ನೀವು ಮಾಡಿದ್ದು ಹಾಡು ಕೇಳಿಸುವ ಕೆಲಸ. ನಾನು ಹೇಳುವುದು ಮಗುವೇ ನುಡಿಸುವ, ಹಾಡುವ, ತಾಳ ಹಾಕುವ ವಿಷಯ. ಮೊಬೈಲಿನ ಹಾಡು ಮಗು ಕೇಳಲಿ ಬಿಡಲಿ ತನ್ನ ಪಾಡಿಗೆ ಓಡುತ್ತಿರುತ್ತದೆ. ತಾಳ ಹಾಗಲ್ಲ, ಮಗು ಕೈಬಿಟ್ಟರೆ ಅಲ್ಲಿಗೇ ನಿಂತಿತು. ಅದನ್ನು ನಿಲ್ಲದಂತೆ ನೋಡಿಕೊಳ್ಳುವ ಜವಾಬ್ದಾರಿಯೇ ಮಗುವಿನ ಗಮನವನ್ನು ಸೂಜಿಯಿಂದ ಆಚೆ ಹಿಡಿದಿಡುವುದು.

ಇಟಲಿಯ ಫ್ಲಾರೆನ್ಸ್‌ನಲ್ಲಿರುವ ಮೇಯರ್ ಮಕ್ಕಳ ಆಸ್ಪತ್ರೆಯ ತಂಡ 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. 4ರಿಂದ 13 ವರ್ಷದ 108 ಮಕ್ಕಳು, ಯಾರಿಗೂ ಮುಂಚಿತವಾಗಿ ಔಷಧ ಕೊಟ್ಟಿರಲಿಲ್ಲ. ಒಂದು ಗುಂಪಿನ ಮಕ್ಕಳ ಜೊತೆ ತಂದೆತಾಯಿಯಲ್ಲದೆ ವಾದ್ಯಗಾರರೂ ಇದ್ದು ಮಕ್ಕಳನ್ನು ಸಂಗೀತದಲ್ಲಿ ತೊಡಗಿಸಿಕೊಂಡರು. ಇನ್ನೊಂದು ಗುಂಪಿಗೆ ತಂದೆತಾಯಿ ಮಾತ್ರ. ಸಂಗೀತದ ಗುಂಪಿನಲ್ಲಿ ನೋವೂ ಕಡಿಮೆ, ರಕ್ತ ತೆಗೆಯುವ ಮುಂಚೆ, ತೆಗೆಯುವಾಗ, ತೆಗೆದ ಮೇಲೆ ಕಳವಳವೂ ಕಡಿಮೆ. ಇಂಥ ಪ್ರಯೋಗದಲ್ಲಿ ಯಾರಿಗೆ ಸಂಗೀತ ಸಿಕ್ಕಿತು ಅನ್ನುವುದನ್ನು ಮುಚ್ಚಿಡಲಾಗದು, ಹಾಗಾಗಿ ಫಲಿತಾಂಶಕ್ಕೆ ಸ್ವಲ್ಪ ಉಪ್ಪು ಖಾರ ಸೇರಿರುವ ಸಾಧ್ಯತೆ ಇದ್ದೇ ಇದೆ. ಆದರೂ ಖರ್ಚಿಲ್ಲದ, ಅಪಾಯ ತೀರಾ ಕಡಿಮೆ ಇರುವ ಉಪಾಯಕ್ಕೆ ಇಷ್ಟು ಆಧಾರ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಸಂಗೀತದಿಂದ ನೋವು ಇಳಿಯಲು ಒಂದು ಕಾರಣ ಇದು: ಚರ್ಮದಲ್ಲಿ ಹುಟ್ಟಿದ ನೋವಿನ ಸಂಕೇತ ಇದ್ದ ಹಾಗೆಯೇ ಮಿದುಳು ಮುಟ್ಟುವುದಿಲ್ಲ, ಬೆನ್ನುಹುರಿಯಲ್ಲಿ ಒಂದು ಬಾಗಿಲಿನಂಥ ವ್ಯವಸ್ಥೆ ಇದೆ ಎಂದು ನೋವಿನ ಬಗ್ಗೆ ಸಂಶೋಧನೆ ಮಾಡಿದ ಮೆಲ್ಜ್ಯಾಕ್ ಮತ್ತು ವಾಲ್ 1965ರಲ್ಲೇ ಹೇಳಿದ್ದರು. ಗಮನ, ಭಯ ಎರಡೂ ಆ ಬಾಗಿಲನ್ನು ಅಲುಗಿಸುತ್ತವೆ. ಇನ್ನೊಂದು ಕಾರಣ ಬಹಳ ಸರಳ. ಹೆದರಿದ ಮಗು ಉಸಿರು ಬಿಗಿಹಿಡಿಯುತ್ತದೆ, ತೋಳು ಬಿಗಿಯುತ್ತದೆ, ಕೈ ತಣ್ಣಗಾಗಿ ರಕ್ತನಾಳ ಸಣ್ಣಗಾಗುತ್ತದೆ. ಆಮೇಲೆ "ನರ ಸಿಗ್ತಾ ಇಲ್ಲ" ಅಂತ ಎರಡನೇ ಸಲ ಚುಚ್ಚಬೇಕಾಗುತ್ತದೆ. ಹಾಡುವ ಮಗು ಉಸಿರು ಬಿಡಲೇಬೇಕು. ಹಾಡಿನ ಅರ್ಧ ಲಾಭ ಅಲ್ಲೇ ಇದೆ.

ಈಗ ವಾದ್ಯ. ಮೊದಲ ನಿಯಮ, ಒಂದೇ ಕೈಯಲ್ಲಿ ಆಡಿಸುವಂತಿರಬೇಕು. ಇನ್ನೊಂದು ಕೈ ಸಿಸ್ಟರ್ ಹತ್ತಿರ ಇರುತ್ತದೆ. ಕೊಳಲು, ಜೋಡಿ ತಾಳ, ಕೀಬೋರ್ಡ್ ಇಲ್ಲೇ ಬಿದ್ದುಹೋದವು. ಉಳಿಯುವುದು ಗಿಲಕಿ, ಸಣ್ಣ ಖಂಜಿರ (ನೀವು ಹಿಡಿದುಕೊಳ್ಳಿ, ಅವಳು ಬಡಿಯಲಿ), ಮೌತ್ ಆರ್ಗನ್. ಯಾವ ಕೈಯಲ್ಲಿ ಅನ್ನ ಕಲಸುತ್ತಾಳೋ ಆ ಕೈ ಖಾಲಿ ಇರಲಿ ಎಂದು ಮೊದಲೇ ಹೇಳಿ, ರಕ್ತವನ್ನು ಇನ್ನೊಂದು ಕೈಯಿಂದ ತೆಗೆಯಲಿ. ಕಾಲಿಗೆ ಗೆಜ್ಜೆ ಕಟ್ಟುವುದು ಕೇಳಲು ಚೆನ್ನ, ಆದರೆ ಪಾದ ಎತ್ತಿ ಕುಟ್ಟಿದರೆ ಇಡೀ ಮೈ ಅಲುಗಿ ಸೂಜಿ ಜಾರುತ್ತದೆ. ಹಿಮ್ಮಡಿ ಊರಿ ಬೆರಳಷ್ಟೇ ಕುಣಿಸುವುದನ್ನು ಮನೆಯಲ್ಲಿ ಕಲಿಸಿದ್ದರೆ ಮಾತ್ರ ಕಟ್ಟಿ. ಮೂರು ವರ್ಷದೊಳಗಿನವರಿಗೆ ಬಿಚ್ಚಿಬರುವ ಗೆಜ್ಜೆ, ಮಣಿ ಏನೂ ಬೇಡ, ಬಾಯಿಗೆ ಹಾಕಿಕೊಳ್ಳುತ್ತಾರೆ.

ಊದುವ ವಾದ್ಯ ಕೊಡುವುದಾದರೆ ಉದ್ದವಾಗಿ, ನಿಧಾನವಾಗಿ ಊದುವುದನ್ನು ಕಲಿಸಿ. ಜಾತ್ರೆಯ ಪೀಪಿಯಂತೆ ಪೀಂ ಪೀಂ ಎಂದು ಬಿಡದೆ ಊದಿದರೆ ತಲೆ ಸುತ್ತುತ್ತದೆ, ಬೆರಳು ಜುಮುಗುಡುತ್ತದೆ, ಮಗು ಅದನ್ನೂ ಸೂಜಿಯ ಲೆಕ್ಕಕ್ಕೇ ಬರೆದುಕೊಳ್ಳುತ್ತದೆ. ಉಬ್ಬಸ ಇರುವಾಗ ಊದಿಸುವುದೇ ಬೇಡ. ಬಾಯಿಗಿಟ್ಟ ವಾದ್ಯ ಒಂದು ಮಗುವಿನದು, ಪಕ್ಕದ ಹಾಸಿಗೆಯ ಮಗು ಕೇಳಿದರೂ ಕೊಡಬೇಡಿ. ಕೈಯಿಂದ ಕೈಗೆ ಹೋಗುವ ಗಿಲಕಿ ಪ್ಲಾಸ್ಟಿಕ್ಕಿನದಾಗಿದ್ದರೆ ಸ್ಪಿರಿಟ್ ಹಾಕಿ ಒರೆಸಬಹುದು. ಚರ್ಮದ ಖಂಜಿರವನ್ನು ಹಾಗೆ ಶುಚಿಮಾಡಲು ಬರುವುದಿಲ್ಲ, ವಾರ್ಡಿನಲ್ಲಿ ಎಲ್ಲರಿಗೂ ಹಂಚಲು ಅದು ಲಾಯಕ್ಕಲ್ಲ.

ನನ್ನನ್ನು ಕೇಳಿದರೆ ಆರು ವರ್ಷದವಳಿಗೆ ಇದ್ಯಾವುದೂ ಬೇಕಿಲ್ಲ. ನಮ್ಮ ಆದಿತಾಳ ಈ ಕೆಲಸಕ್ಕೆಂದೇ ಮಾಡಿದ ಹಾಗಿದೆ. ಒಂದೇ ಕೈ, ತೊಡೆಯ ಮೇಲೆ: ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು ಎಣಿಕೆ, ಮತ್ತೆ ಪೆಟ್ಟು-ಹುಸಿ, ಪೆಟ್ಟು-ಹುಸಿ (ಹುಸಿ ಅಂದರೆ ಅಂಗೈ ಮೇಲೆ ಮಾಡಿ ಸದ್ದಿಲ್ಲದೆ ಇಡುವುದು). ಎಂಟು ಅಕ್ಷರ, ಅಂದರೆ ಎಂಟು ಎಣಿಕೆ; ಅದು ಒಂದು ಸುತ್ತು ಮುಗಿದರೆ ಒಂದು ಆವರ್ತ. ಬೆರಳಿನ ಲೆಕ್ಕ ಇರುವುದರಿಂದ ಬರೀ ಚಪ್ಪಾಳೆಗಿಂತ ಹೆಚ್ಚು ಗಮನ ಬೇಡುತ್ತದೆ, ಮೊಣಕೈ ಮಾತ್ರ ಅಲುಗುವುದಿಲ್ಲ. ಬಾಯಲ್ಲಿ "ತಕಧಿಮಿ ತಕಧಿಮಿ" ಸೇರಿಸಿದರೆ ಉಸಿರೂ ಆಡುತ್ತದೆ. ಸಂಗೀತ ಪಾಠಕ್ಕೆ ಹೋಗದ ಮಗುವಿಗೂ ಒಂದು ವಾರ, ದಿನಕ್ಕೆ ಐದು ನಿಮಿಷ ಕಲಿಸಿದರೆ ಬಂದುಬಿಡುತ್ತದೆ.

ಅದರ ಮೇಲೆ ಎರಡು ಆಟ ಕಟ್ಟಿ. ಒಂದು, ನೀವು "ತಕಧಿಮಿ" ಹೇಳುತ್ತಾ ಇದ್ದಕ್ಕಿದ್ದಂತೆ "ತಕಿಟ"ಕ್ಕೆ ಹಾರುವುದು. ನಾಲ್ಕು ಮೂರಾದದ್ದನ್ನು ಅವಳು ಹಿಡಿಯಬೇಕು. ಇನ್ನೊಂದು, ಬೇಕೆಂದೇ ತಪ್ಪು ಬೆರಳು ಮಡಿಸುವುದು. ಅಮ್ಮನ ತಪ್ಪು ತೋರಿಸುವ ಅವಕಾಶವನ್ನು ಆರು ವರ್ಷದ ಯಾವ ಮಗುವೂ ಬಿಟ್ಟುಕೊಡುವುದಿಲ್ಲ. ಲೆಕ್ಕ ಎಷ್ಟು ಕಷ್ಟದ್ದಿರಬೇಕು? ಮನೆಯಲ್ಲಿ ಸಲೀಸಾಗಿ ಮಾಡುವುದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ಮನೆಯಲ್ಲಿ ಏಳರ "ತಕಿಟ ತಕಧಿಮಿ" ಬಂದರೂ ಆಸ್ಪತ್ರೆಯಲ್ಲಿ ನಾಲ್ಕರಲ್ಲೇ ಇರಿ. ಭಯದಲ್ಲಿ ಬರುವ ವಿದ್ಯೆಯೂ ಬರುವುದಿಲ್ಲ, ತಾಳ ತಪ್ಪಿದರೆ ಅಳಲು ಇನ್ನೊಂದು ಕಾರಣ ಸಿಕ್ಕಂತೆ.

ಆ ದಿನದ ಕ್ರಮ ಹೀಗಿರಲಿ. ಹೆಸರು, ನಂಬರು ಕೇಳುವುದು, ಟ್ಯೂಬಿಗೆ ಚೀಟಿ ಅಂಟಿಸುವುದು ಏನಿದ್ದರೂ ಹಾಡು ಶುರುವಾಗುವ ಮುಂಚೆ ಮುಗಿಯಲಿ, ಅಥವಾ ಚೀಟಿ ಅಂಟಿಸಲು ಹಾಡು ನಿಲ್ಲಲಿ. ಗದ್ದಲದಲ್ಲಿ ಟ್ಯೂಬು ಅದಲುಬದಲಾದರೆ, ಅದೂ ರಕ್ತ ಹಾಕಿಸುವ ಮಗುವಿನದು, ತಮಾಷೆಯ ವಿಷಯವಲ್ಲ. ರಕ್ತ ತೆಗೆಯುವವರಿಗೆ ಒಂದು ಮಾತು ಹೇಳಿಡಿ: "ನಾವು ತಾಳ ಹಾಕ್ತಾ ಇರ್ತೀವಿ, ನಿಮ್ಮ ಕೆಲಸ ನೀವು ಮಾಡಿ, ಚುಚ್ಚುವಾಗ ನನಗೆ ತಲೆ ಅಲ್ಲಾಡಿಸಿ ಸಾಕು." ತಾಳ ಶುರುವಾಗಬೇಕಾದ್ದು ಕುರ್ಚಿಯಲ್ಲಿ ಕೂತ ಮೇಲಲ್ಲ, ಹೊರಗೆ ಬೆಂಚಿನಲ್ಲಿ, ಮೂರ್ನಾಲ್ಕು ನಿಮಿಷ ಮುಂಚೆ. ಆಗಲೇ ಗಾಬರಿಯಾಗಿದ್ದರೆ ಅವಳ ಗಾಬರಿಯ ವೇಗದಲ್ಲೇ, ಅಂದರೆ ಜೋರಾಗಿ, ಶುರುಮಾಡಿ. ನಾಲ್ಕೈದು ಆವರ್ತ ಆದ ಮೇಲೆ ಒಂದೊಂದಾಗಿ ನಿಧಾನಕ್ಕಿಳಿಸಿ. ಅಳುವ ಮಗುವಿನ ಮುಂದೆ ಮೊದಲೇ ಜೋಗುಳದ ಲಯ ಹಿಡಿದರೆ ಅವಳಿಗೂ ನಿಮಗೂ ಕೊಂಡಿಯೇ ಬೀಳುವುದಿಲ್ಲ.

ಮಲಗಿಸಿ ಅದುಮಿ ಹಿಡಿಯುವುದು ಬೇಡ. ನಿಮ್ಮ ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಒಂದು ಕೈ ಅವಳ ಸೊಂಟದ ಸುತ್ತ ಇರಲಿ. ಚಾಚಿದ ತೋಳನ್ನು ಮೊಣಕೈ ಕೆಳಗೆ ಇನ್ನೊಬ್ಬರು ಮೆಲ್ಲಗೆ ಆನಿಸಿ ಹಿಡಿಯಲಿ. ಜೊತೆಯಲ್ಲಿ ಅಪ್ಪನೋ ಅಜ್ಜಿಯೋ ಇದ್ದರೆ ತಾಳದ ಆಟ ಆಡಿಸುವವರು ಅವರಾಗಲಿ, ಸೂಜಿಯ ಎದುರು ಮಗ್ಗುಲಲ್ಲಿ ಕೂರಲಿ, ಮುಖ ತಾನಾಗಿ ಆಚೆ ತಿರುಗುತ್ತದೆ. ಬಲವಂತವಾಗಿ ತಿರುಗಿಸಬೇಡಿ. ನೋಡಿದರೇ ಸಮಾಧಾನ ಅನ್ನುವ ಮಕ್ಕಳೂ ಇದ್ದಾರೆ. ಸ್ಪಿರಿಟ್ ಒರೆಸಿ ಒಣಗಲು ಸುಮಾರು 30 ಸೆಕೆಂಡು ಬೇಕು. ಒಣಗುವ ಮೊದಲೇ ಚುಚ್ಚಿದರೆ ಹೆಚ್ಚು ಉರಿಯುತ್ತದೆ. "ತಕಿಟ"ಕ್ಕೆ ಹಾರುವ ಆಟವನ್ನು ಈ 30 ಸೆಕೆಂಡಿಗೆ ಎತ್ತಿಟ್ಟುಕೊಳ್ಳಿ.

ಹೆಚ್ಚಿನವರು ತಪ್ಪುವುದು ಚುಚ್ಚುವ ಕ್ಷಣದಲ್ಲಿ. ಸೂಜಿ ಒಳಹೋಗುವಾಗ ದೊಡ್ಡವರೇ ಉಸಿರು ಹಿಡಿದು ಸುಮ್ಮನಾಗುತ್ತಾರೆ. ಆ ಮೌನವೇ ಮಗುವಿಗೆ ಸೂಚನೆ, ತಟ್ಟನೆ ಕೈ ಕಡೆ ನೋಡುತ್ತದೆ. ನೀವು ನಿಲ್ಲಿಸಬಾರದು, ದನಿ ಏರಿಸಲೂಬಾರದು. "ಆಯ್ತು ಆಯ್ತು ಚಿನ್ನ, ಏನೂ ಆಗಲ್ಲ" ಎಂದು ನಡುವೆ ಸಮಾಧಾನ ಹೇಳುವುದೂ ಕೆಲಸ ಕೆಡಿಸುತ್ತದೆ, ಏನೋ ಆಗುತ್ತಿದೆ ಎಂದು ಅವಳಿಗೆ ಗೊತ್ತಾಗುವುದೇ ಆ ಮಾತಿನಿಂದ. ನೋವಾಗುವುದೇ ಇಲ್ಲ ಎಂದು ಮೊದಲೇ ಸುಳ್ಳು ಹೇಳಿದ್ದರಂತೂ ಮುಂದಿನ ಸಲ ತಾಳವನ್ನೂ ನಂಬುವುದಿಲ್ಲ. "ಇರುವೆ ಕಚ್ಚಿದ ಹಾಗೆ ಚುರ್ ಅನ್ನಬಹುದು, ಒಂದು ಚಮಚದಷ್ಟು ರಕ್ತ ತೆಗೀತಾರೆ, ಆಗ ನಾವು ತಾಳ ಹಾಕ್ತಾ ಇರೋಣ" ಅಂದರೆ ಸಾಕು. (ಮನೆಯಲ್ಲಿ "ಗಲಾಟೆ ಮಾಡಿದ್ರೆ ಇಂಜೆಕ್ಷನ್ ಕೊಡಿಸ್ತೀನಿ" ಅನ್ನುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಬರೇ ನಿಮಗಲ್ಲ, ಅಜ್ಜ ಅಜ್ಜಿಗೂ ಹೇಳಿ.)

ಇನ್ನೊಂದು ತಪ್ಪು ಗೊತ್ತಾಗುವುದು ಎರಡು ಮೂರು ತಿಂಗಳ ನಂತರ. ಆಸ್ಪತ್ರೆಯಲ್ಲಿ ಮಾತ್ರ ಹಾಡುವ ಹಾಡು ಕ್ರಮೇಣ ಸೂಜಿಯ ಗಂಟೆಯಾಗಿಬಿಡುತ್ತದೆ, ಮೊದಲ ಸಾಲಿಗೇ ಮಗು ಅಳುತ್ತದೆ. ಮೂರು ವಾರಕ್ಕೊಮ್ಮೆ ಹೋಗುವ ನಿಮ್ಮಂಥವರಿಗೆ ಈ ಅಪಾಯ ಹೆಚ್ಚು. ಹಾಗಾಗಿ ಅದೇ ತಾಳ, ಅದೇ ಆಟ ನಡುವಿನ ದಿನಗಳಲ್ಲಿ ಬಸ್ಸಿನಲ್ಲಿ, ಊಟಕ್ಕೆ ಕಾಯುವಾಗ ನಡೆಯುತ್ತಲೇ ಇರಬೇಕು. ಮಲಗುವಾಗ ಹಾಡುವ ಹಾಡನ್ನು ಮಾತ್ರ ಆಸ್ಪತ್ರೆಗೆ ಒಯ್ಯಬೇಡಿ, ಅದು ಕೆಟ್ಟರೆ ರಾತ್ರಿಯ ನಿದ್ದೆಯೂ ಕೆಡುತ್ತದೆ. ಮೊಬೈಲನ್ನೇ ಬಳಸುವ ದಿನ ಬಂದರೆ ಹಾಡನ್ನು ಮೊದಲೇ ಇಳಿಸಿಕೊಂಡು ಏರೋಪ್ಲೇನ್ ಮೋಡಿಗೆ ಹಾಕಿ. ಸರಿಯಾಗಿ ಚುಚ್ಚುವ ಹೊತ್ತಿಗೇ ಜಾಹೀರಾತೋ ಫೋನ್ ಕರೆಯೋ ಬರುತ್ತದೆ.

ಕೈಗೆ ಕಟ್ಟುವ ರಬ್ಬರ್ ಪಟ್ಟಿ ಒಂದು ನಿಮಿಷ ಮೀರಬಾರದು, ಮೀರಿದರೆ ಕೈ ನೋಯುತ್ತದೆ, ಕೆಲವು ಪರೀಕ್ಷೆಗಳ ಅಂಕಿಯೂ ಏರುಪೇರಾಗುತ್ತದೆ. ಆವರ್ತ ಮುಗಿಯಲಿ ಎಂದು ಸಿಸ್ಟರನ್ನು ಕಾಯಿಸಬೇಡಿ. ಎರಡು ಸಲ ಚುಚ್ಚಿಯೂ ಸಿಗದಿದ್ದರೆ ತಾಳ ನಿಲ್ಲಿಸಿ, ನೀರು ಕುಡಿಸಿ, ಕೈ ಬೆಚ್ಚಗೆ ಮಾಡಿ, ಬೇರೆಯವರು ತೆಗೆಯಬಹುದೇ ಎಂದು ಕೇಳಿ. ಮೂರನೇ ಚುಚ್ಚನ್ನು ಹಾಡಿನಲ್ಲಿ ಮುಚ್ಚಲು ಹೋಗಬೇಡಿ. ಚುಚ್ಚುವ ಸಂಖ್ಯೆಯನ್ನೇ ಇಳಿಸಲು ಆಗುತ್ತದೆಯೇ ಎಂದೂ ವಿಚಾರಿಸಿ. ರಕ್ತ ಹಾಕಲು ನರದೊಳಗೆ ಕೂರಿಸುವ ಸಣ್ಣ ಕೊಳವೆಯಿಂದಲೇ (ಕ್ಯಾನುಲಾ) ಸ್ಯಾಂಪಲ್ ತೆಗೆದುಕೊಳ್ಳುವ ಕ್ರಮ ಕೆಲವು ಕಡೆ ಇರುತ್ತದೆ. ಒಂದು ಚುಚ್ಚು ಉಳಿದರೆ ಅದರ ಮುಂದೆ ಯಾವ ಸಂಗೀತವೂ ದೊಡ್ಡದಲ್ಲ.

ಸಂಗೀತ ಚರ್ಮವನ್ನು ಮರಗಟ್ಟಿಸುವುದಿಲ್ಲ. ಅದಕ್ಕೆ ಲಿಡೊಕೇನ್-ಪ್ರಿಲೊಕೇನ್ ಮುಲಾಮು ಇದೆ, ಎರಡೂ ಶೇ. 2.5. ನರ ಸಿಗುವಂಥ ಎರಡು ಜಾಗಕ್ಕೆ ದಪ್ಪಗೆ ಹಚ್ಚಿ, ಉಜ್ಜದೆ, ಪ್ಲಾಸ್ಟಿಕ್ ಪಟ್ಟಿ ಮುಚ್ಚಿ ಕನಿಷ್ಠ ಒಂದು ಗಂಟೆ ಬಿಡಬೇಕು. ಹತ್ತು ನಿಮಿಷ ಹಚ್ಚಿ "ಕೆಲಸ ಮಾಡಲಿಲ್ಲ" ಅನ್ನುವವರೇ ಹೆಚ್ಚು. ಚರ್ಮ ಬಿಳಿಚಿ ನರ ಸಣ್ಣಗೆ ಕಂಡರೆ ಒರೆಸಿ ಹತ್ತು ನಿಮಿಷ ಕಾಯಿರಿ. ಪ್ರಿಲೊಕೇನ್ ಕೆಲವರ ರಕ್ತಕ್ಕೆ ಒಗ್ಗುವುದಿಲ್ಲ, ಜಿ6ಪಿಡಿ ಎಂಬ ಕಿಣ್ವದ (ಎನ್‌ಜೈಮ್) ಕೊರತೆ ಇದ್ದವರಿಗೆ ವಿಶೇಷವಾಗಿ. ನಿಮ್ಮ ಮಗಳಿಗೆ ಹಚ್ಚಬಹುದೇ, ಎಷ್ಟು ಹಚ್ಚಬೇಕು ಎಂದು ಅವಳ ಡಾಕ್ಟರನ್ನು ಕೇಳಿಯೇ ಹಚ್ಚಿ. ಮುಲಾಮು ಕೂತಿರುವ ಆ ಒಂದು ಗಂಟೆ ತಾಳದ ಅಭ್ಯಾಸಕ್ಕೂ ಆಯಿತು.

ಸೂಜಿ ತೆಗೆದ ಮೇಲೆ ಹತ್ತಿ ಒತ್ತಿ ಹಿಡಿಯಿರಿ, ತೋಳು ನೆಟ್ಟಗಿರಲಿ. ಮೊಣಕೈ ಮಡಿಸಿದರೆ ನೀಲಿಗಟ್ಟುತ್ತದೆ. ಆ ಎರಡು ಮೂರು ನಿಮಿಷವೂ ತಾಳ ನಡೆಯಲಿ, ಊದುವುದು ಮಾತ್ರ ಬೇಡ, ಬಿಗಿಯಾಗಿ ಊದಿದರೆ ರಕ್ತ ಮತ್ತೆ ಜಿನುಗಬಹುದು. ಆಮೇಲೆ 0ಯಿಂದ 10ರವರೆಗಿನ ಆರು ಮುಖಗಳ ನೋವಿನ ಪಟ್ಟಿ ತೋರಿಸಿ ಎರಡು ಪ್ರಶ್ನೆ ಬೇರೆ ಬೇರೆ ಕೇಳಿ: ನೋವು ಎಷ್ಟಾಯಿತು, ಭಯ ಎಷ್ಟಾಯಿತು. ತಾರೀಖು, ಯಾವ ಕೈ, ಎಷ್ಟು ಚುಚ್ಚು, ಯಾವ ಆಟ, ಎರಡೂ ಅಂಕಿ ಒಂದು ಪುಸ್ತಕದಲ್ಲಿ ಬರೆದಿಡಿ. ಮೊದಲ ಸಲವೇ ಇಳಿಯಲಿಕ್ಕಿಲ್ಲ, ನಾಲ್ಕು ಸಲದ ಅಂಕಿ ಒಟ್ಟಿಗೆ ನೋಡಿ. ಭಯ ಇಳಿದು ನೋವು ಹಾಗೇ ಉಳಿದಿದ್ದರೆ ಮುಲಾಮಿನ ವಿಷಯ ಡಾಕ್ಟರ ಹತ್ತಿರ ಮತ್ತೆ ಎತ್ತಿ. ಎರಡೂ ಇಳಿಯದಿದ್ದರೆ, ಅಥವಾ ಅವಳೇ "ತಾಳ ಬೇಡ" ಅಂದರೆ, ಬೇಡ. ಸದ್ದಾದರೇ ಕಿರಿಕಿರಿಯಾಗುವ ಮಕ್ಕಳಿರುತ್ತಾರೆ. ಅಂಥವರ ಬೆನ್ನ ಮೇಲೆ ಅಂಗೈಯಿಂದ ಅದೇ ಎಂಟರ ಲಯ ಮೆತ್ತಗೆ ತಟ್ಟಿ ನೋಡಿ.