ಶಿರಸಿ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಮನೆಗೆ ಎಂಥ ಟಾರ್ಚು, ಯಾವ ಸೆಲ್ಲು ಒಳ್ಳೆಯದು?

ಹುಬ್ಬಳ್ಳಿಯಿಂದ ಶಿರಸಿ ಹತ್ತಿರದ ಹಳ್ಳಿ ಮನೆಗೆ ಬರುತ್ತಿದ್ದೀರಿ, ಜೊತೆಗೆ ವಯಸ್ಸಾದ ಅಪ್ಪ ಅಮ್ಮ ಇದ್ದಾರೆ, ಇನ್ವರ್ಟರ್ ಸದ್ಯಕ್ಕಿಲ್ಲ. ಆನ್‌ಲೈನಿನಲ್ಲಿ ‘10,000 ಲ್ಯೂಮೆನ್’ (ಲ್ಯೂಮೆನ್ ಅಂದರೆ ಬೆಳಕಿನ ಅಳತೆ) ಎಂದು ಬರೆದ ಚಾರ್ಜಿಂಗ್ ಟಾರ್ಚು ಐನೂರು ರೂಪಾಯಿಗೆ ಸಿಗುತ್ತಿದೆ, ತರಿಸಲಾ ಎಂದು ಕೇಳಿದ್ದೀರಿ. ಅಪ್ಪನ ಹಳೆ ಮೂರು ಸೆಲ್ಲಿನ ಟಾರ್ಚನ್ನು ಏನು ಮಾಡುವುದು ಎಂಬುದು ಎರಡನೇ ಪ್ರಶ್ನೆ.

ತರಿಸಬೇಡಿ. ಟಾರ್ಚು ಆಮೇಲೆ ನೋಡೋಣ, ಮೊದಲು ಸೆಲ್ಲು ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ.

ಯಾಕೆಂದರೆ ನಮ್ಮ ಕಡೆ ಕರೆಂಟು ಹೋಗುವುದು ಪಟ್ಟಣದ ಹಾಗೆ ಒಂದು ತಾಸು, ಎರಡು ತಾಸಿನ ಲೆಕ್ಕದಲ್ಲಲ್ಲ. ಆರಿದ್ರಾ ಮಳೆ ಹಿಡಿದು ಗಾಳಿ ಬಂತು ಅಂದರೆ ಎಲ್ಲೋ ಕಾಡಿನ ನಡುವೆ ತಂತಿ ಮೇಲೆ ಮರ ಬೀಳುತ್ತದೆ. ಎಲ್ಲಿ ಬಿದ್ದಿದೆ ಎಂದು ಲೈನ್‌ಮನ್ ಮಳೆಯಲ್ಲೇ ಹುಡುಕಿಕೊಂಡು ಹೋಗಬೇಕು. ಆ ಮರ ಕಡಿದು ಲೈನ್ ಎಳೆಯುವಷ್ಟರಲ್ಲಿ ಇನ್ನೊಂದು ಕಡೆ ಬಿದ್ದಿರುತ್ತದೆ. ಎರಡು ಮೂರು ದಿನ ಕತ್ತಲೆ ಎಂಬುದು ಹಳ್ಳಿಗಳಲ್ಲಿ ಹೊಸ ಸುದ್ದಿಯೇ ಅಲ್ಲ. ಇದೇ ಜಿಲ್ಲೆಯ ಕೈಗಾ ಸ್ಥಾವರದ ಒಂದನೇ ಘಟಕ 2018ರ ಕೊನೆಯವರೆಗೆ ಒಂದೇ ಸಮನೆ 962 ದಿನ ಓಡಿ ವಿಶ್ವದಾಖಲೆ ಮಾಡಿತ್ತು. ಸೂಪಾ, ಕೊಡಸಳ್ಳಿ, ಕದ್ರಾ, ಗೇರುಸೊಪ್ಪ ಅಣೆಕಟ್ಟುಗಳೂ ನಮ್ಮಲ್ಲೇ ಇವೆ. ಕರೆಂಟು ಹುಟ್ಟುವುದು ಇಲ್ಲೇ. ಆದರೆ ಮನೆಗೆ ಬರುವ ಕೊನೆಯ ತಂತಿ ಕಾಡುಮರಗಳ ಬುಡದಲ್ಲೇ ಹಾದು ಬರಬೇಕಲ್ಲ, ಏನು ಮಾಡುತ್ತೀರಿ?

ಚಾರ್ಜಿಂಗ್ ಟಾರ್ಚು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದವರಿಗೆ ಅದೇ ಅನುಕೂಲ. ನಿಮಗೆ ತೊಂದರೆ ಬರುವುದು ಎರಡನೇ ರಾತ್ರಿ. ಖಾಲಿಯಾದ ಮೇಲೆ ಚಾರ್ಜಿಗೆ ಎಲ್ಲಿ ಹಾಕುತ್ತೀರಿ? ಸೋಲಾರ್ ಲಾಟೀನು ಇಡಬಹುದಲ್ಲ ಅಂತ ಕೆಲವರು ಹೇಳುತ್ತಾರೆ. ಜುಲೈ ತಿಂಗಳಲ್ಲಿ ಶಿರಸಿಯಲ್ಲಿ ಬಿಸಿಲು ಹುಡುಕಿ ನೋಡಿ, ಆಮೇಲೆ ಮಾತಾಡೋಣ.

ಇನ್ನೊಂದು ವಿಷಯ ಒಳಗಿನ ಬ್ಯಾಟರಿಯದು. ಕಡಿಮೆ ಬೆಲೆಯ ದಪ್ಪ ಟಾರ್ಚು, ಎಮರ್ಜೆನ್ಸಿ ಲೈಟುಗಳಲ್ಲಿ ಎಷ್ಟೋ ಸಲ 4 ವೋಲ್ಟಿನ ಪುಟ್ಟ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ. ಅದನ್ನು ಖಾಲಿ ಮಾಡಿ ಹಾಗೇ ಕಪಾಟಿನಲ್ಲಿ ಇಟ್ಟರೆ ಒಳಗಿನ ಸೀಸದ ತಗಡಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಇಡೀ ರಾತ್ರಿ ಚಾರ್ಜಿಗೆ ಹಾಕಿದರೂ ಸ್ವಲ್ಪ ಹೊತ್ತು ಉರಿದು ಸುಮ್ಮನಾಗುತ್ತದೆ. ಬೇಸಿಗೆಯಿಡೀ ಮರೆತು ಜೂನಿನಲ್ಲಿ ಹೊರಗೆ ತೆಗೆಯುವ ವಸ್ತುವಿಗೆ ಇದು ಒಗ್ಗುವ ಬ್ಯಾಟರಿಯೇ ಅಲ್ಲ. ಲಿಥಿಯಂ ಇದ್ದರೆ ಪರವಾಗಿಲ್ಲ, ಎರಡು ಮೂರು ತಿಂಗಳಿಗೊಮ್ಮೆ ನೋಡಿಕೊಂಡರೆ ಸಾಕು.

ಆ 10,000 ಲ್ಯೂಮೆನ್ನಿನ ಲೆಕ್ಕ ನೀವೇ ಮಾಡಿ ನೋಡಿ. ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬು ಸುಮಾರು 900 ಲ್ಯೂಮೆನ್ ಕೊಡುತ್ತದೆ. ಅಂಥ ಹನ್ನೊಂದು ಬಲ್ಬಿನ ಬೆಳಕು ಒಂದು ಟಾರ್ಚಿನಿಂದ ಬರಬೇಕಾದರೆ ನೂರು ವ್ಯಾಟಿನ ಹತ್ತಿರ ಬೇಕು. ಐನೂರು ರೂಪಾಯಿ ಟಾರ್ಚಿನ ಬ್ಯಾಟರಿ ಅಷ್ಟನ್ನು ಕೊಡುವುದಿಲ್ಲ, ಕೊಟ್ಟರೂ ಕೈ ಸುಡುತ್ತದೆ. ಸುಮ್ನೆ ಡಬ್ಬಿ ಮೇಲೆ ಅಚ್ಚು ಹಾಕಿದ ಅಂಕಿ ಅದು.

ನಿಮಗೆ ನಿಜವಾಗಿ ಬೇಕಾದದ್ದು ಬಹಳ ಕಡಿಮೆ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಒಂದು ಕೋಣೆಯಲ್ಲಿ 20-30 ಲ್ಯೂಮೆನ್ ಧಾರಾಳ. ಅಂಗಳ ದಾಟಿ ಕೊಟ್ಟಿಗೆಗೋ ತೋಟಕ್ಕೋ ಹೋಗಲು 100-150 ಇದ್ದರೆ ಸಾಕು. ಹಾಗಾಗಿ ಎಷ್ಟು ಜೋರಾಗಿ ಉರಿಯುತ್ತದೆ ಅನ್ನುವುದಕ್ಕಿಂತ ಎಷ್ಟು ಸಣ್ಣದಾಗಿ ಉರಿಯಬಲ್ಲದು ಎಂದು ನೋಡಿ. ಎರಡು ಒಳ್ಳೆಯ ಎಎ (ಪೆನ್ಸಿಲ್) ಸೆಲ್ಲಿನಲ್ಲಿ ಸುಮಾರು 5 ವ್ಯಾಟ್-ಅವರ್, ಅಂದರೆ 1 ವ್ಯಾಟಿನ ದೀಪ ಐದು ತಾಸು ಉರಿಯುವಷ್ಟು ಶಕ್ತಿ ಇರುತ್ತದೆ. 30 ಲ್ಯೂಮೆನ್ನಿಗೆ ಅಂದಾಜು ಮೂರನೇ ಒಂದು ವ್ಯಾಟ್ ಸಾಕು. ಅಂದರೆ ಹನ್ನೆರಡು ತಾಸಿಗೂ ಜಾಸ್ತಿ. ಊಟ, ಪಾತ್ರೆ, ಹಾಸಿಗೆ ಹಾಸುವುದು ಅಂತ ದಿನಕ್ಕೆ ಮೂರು ತಾಸು ಹಚ್ಚಿದರೆ ನಾಲ್ಕು ರಾತ್ರಿ ಆಯಿತು. ಅದೇ ಸೆಲ್ಲಿನಲ್ಲಿ 300 ಲ್ಯೂಮೆನ್ ಉರಿಸಿದರೆ ಒಂದು ತಾಸು ಬಂದರೆ ಹೆಚ್ಚು.

ಈಗ ಸೆಲ್ಲು. ಎಎ ಅಳತೆಯದನ್ನೇ ಹಿಡಿಯಿರಿ, ಜನ ಪೆನ್ಸಿಲ್ ಸೆಲ್ಲು ಅನ್ನುತ್ತಾರಲ್ಲ, ಅದು. ಗೋಡೆ ಗಡಿಯಾರಕ್ಕೂ ಅದೇ ಬೇಕು, ಹಾಗಾಗಿ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಘಟ್ಟದ ರಸ್ತೆ ಬಂದಾಗಿ ಪೇಟೆಗೆ ಹೋಗಲು ಆಗದ ದಿನ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಅಂಗಡಿಯಲ್ಲಿ ನೇತು ಹಾಕಿದ ಅಗ್ಗದ ಸೆಲ್ಲು ಬಹುತೇಕ ಜಿಂಕ್ ಕಾರ್ಬನ್ನಿನದು. ಮೇಲೆ ‘ಹೆವಿ ಡ್ಯೂಟಿ’ ಎಂದು ಬರೆದಿರುತ್ತದೆ, ಅದನ್ನು ನೋಡಿ ಗಟ್ಟಿ ಮಾಲು ಅಂದುಕೊಳ್ಳಬೇಡಿ. ಗುರುತು ಸುಲಭ. ಸೆಲ್ಲಿನ ಮೈಮೇಲೆ ಸಣ್ಣ ಅಕ್ಷರದಲ್ಲಿ ‘ಆರ್6’ ಎಂದಿದ್ದರೆ ಜಿಂಕ್ ಕಾರ್ಬನ್, ‘ಎಲ್‌ಆರ್6’ ಎಂದಿದ್ದರೆ ಆಲ್ಕಲೈನ್. ಆಲ್ಕಲೈನ್ ಬೆಲೆ ಎರಡು ಮೂರು ಪಟ್ಟು ಇರಬಹುದು, ಟಾರ್ಚಿನಲ್ಲಿ ಬಾಳಿಕೆ ಅದಕ್ಕಿಂತ ಜಾಸ್ತಿ. ಕಪಾಟಿನಲ್ಲಿ ಇಟ್ಟರೂ ಜಿಂಕ್ ಸೆಲ್ಲು ಎರಡು ಮೂರು ವರ್ಷಕ್ಕೆ ಸೊರಗುತ್ತದೆ, ಒಳ್ಳೆಯ ಆಲ್ಕಲೈನ್ ಐದರಿಂದ ಹತ್ತು ವರ್ಷ ತಡೆಯುತ್ತದೆ. ಪ್ಯಾಕೆಟ್ಟಿನ ಹಿಂದೆ ತಿಂಗಳು, ವರ್ಷ ನೋಡಿಯೇ ದುಡ್ಡು ಕೊಡಿ.

ಜಿಂಕ್ ಸೆಲ್ಲಿನ ಇನ್ನೊಂದು ಗುಣ, ಅದರ ಹೊರಗಿನ ತಗಡೇ ಸತುವಿನದು. ಉರಿದಂತೆಲ್ಲ ಆ ತಗಡು ಕರಗುತ್ತಾ ತೆಳ್ಳಗಾಗಿ ಕೊನೆಗೆ ತೂತು ಬೀಳುತ್ತದೆ, ಒಳಗಿನ ರಸ ಟಾರ್ಚಿಗೆ ಇಳಿಯುತ್ತದೆ. ಹಾಗಂತ ಆಲ್ಕಲೈನ್ ಸೋರುವುದೇ ಇಲ್ಲ ಎಂದಲ್ಲ. ಸತ್ತ ಸೆಲ್ಲನ್ನು ಒಳಗೇ ಬಿಟ್ಟರೆ ಅದೂ ಸೋರಿ ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಅದು ಕ್ಷಾರ. ಬಟ್ಟೆಗೆ ನಾಲ್ಕು ಹನಿ ಲಿಂಬೆರಸ ಅಥವಾ ವಿನೆಗರ್ ಹಾಕಿ ಒರೆಸಿ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಕಣ್ಣಿಗೆ ಕೈ ಹಚ್ಚಬೇಡಿ. ಹಳೆಯ ಒಂದು, ಹೊಸ ಒಂದು ಅಂತ ಜೋಡಿ ಮಾಡಿ ಹಾಕುವುದೂ ಬೇಡ. ಮೊದಲು ಖಾಲಿಯಾದ ಸೆಲ್ಲಿನೊಳಗೆ ಇನ್ನೊಂದರ ಕರೆಂಟು ಉಲ್ಟಾ ನುಗ್ಗುತ್ತದೆ, ಸೋರುವುದು ಅಲ್ಲೇ ಶುರು.

ಇದ್ದ ಸೆಲ್ಲು ಹೊಸದೋ ಹಳತೋ ತಿಳಿಯದಿದ್ದರೆ ಒಂದು ಉಪಾಯ ಇದೆ, ಆಲ್ಕಲೈನಿಗೆ ಮಾತ್ರ. ಎರಡು ಬೆರಳು ಎತ್ತರದಿಂದ ಕಲ್ಲು ನೆಲದ ಮೇಲೆ ನೆಟ್ಟಗೆ ಬಿಡಿ. ಹೊಸದು ದಪ್ಪನೆ ಕೂರುತ್ತದೆ, ಬಳಸಿದ್ದು ಪುಟಿದು ಬೀಳುತ್ತದೆ. 2015ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿದರು. ಒಳಗಿನ ಸತು ಆಕ್ಸೈಡ್ ಆಗಿ ಗಟ್ಟಿಯಾಗುವುದರಿಂದ ಸೆಲ್ಲು ಪುಟಿಯುತ್ತದಂತೆ. ಆದರೆ ಅರ್ಧ ಖಾಲಿಯಾಗುವ ಹೊತ್ತಿಗೇ ಪೂರ್ತಿ ಪುಟಿಯಲು ಶುರುವಾಗಿರುತ್ತದೆ. ಹಾಗಾಗಿ ಪುಟಿದ ಸೆಲ್ಲನ್ನೆಲ್ಲ ಎಸೆಯಬೇಡಿ, ಗಡಿಯಾರಕ್ಕೆ ಹಾಕಿ.

ಖರ್ಚು ಮಾಡಲು ಮನಸ್ಸಿದ್ದರೆ ಚಾರ್ಜ್ ಆಗುವ ಎಎ ಸೆಲ್ಲು ನಾಲ್ಕು, ಚಾರ್ಜರ್ ಒಂದು ತೆಗೆದುಕೊಳ್ಳಿ. ನಿಕ್ಕಲ್ ಮೆಟಲ್ ಹೈಡ್ರೈಡ್ ಎಂದಿರುತ್ತದೆ. ‘ಲೋ ಸೆಲ್ಫ್ ಡಿಸ್ಚಾರ್ಜ್’ ಅಥವಾ ‘ರೆಡಿ ಟು ಯೂಸ್’ ಎಂದು ಬರೆದದ್ದೇ ಬೇಕು. ಅದು ಸುಮ್ಮನೆ ಇಟ್ಟರೂ ವರ್ಷದ ಮೇಲೆ ಮುಕ್ಕಾಲು ಪಾಲು ಉಳಿಸಿಕೊಳ್ಳುತ್ತದೆ, ಹಳೆ ಬಗೆಯದು ಕೆಲವೇ ತಿಂಗಳಲ್ಲಿ ಖಾಲಿ. ಇವು ಸೋರುವುದೂ ಬಹಳ ಅಪರೂಪ. ದಿನನಿತ್ಯಕ್ಕೆ ಇವು, ಕಷ್ಟಕಾಲಕ್ಕೆ ಆಲ್ಕಲೈನಿನ ಒಂದು ಪ್ಯಾಕೆಟ್ಟು. ನಮ್ಮ ಮನೆಯಲ್ಲಿ ನಡೆಯುತ್ತಿರುವುದು ಇದೇ.

ಸೆಲ್ಲು ಗಟ್ಟಿಯಾಯಿತು ಅಂದರೆ ಟಾರ್ಚಿನ ಆಯ್ಕೆ ಅರ್ಧ ಮುಗಿದ ಹಾಗೆ. ಎರಡು ಎಎ ಸೆಲ್ಲಿನ, ಒಂದೇ ಎಲ್‌ಇಡಿಯ, ಜೋರು ಮತ್ತು ಸಣ್ಣ ಎಂಬ ಎರಡು ಬೆಳಕಿನ ಟಾರ್ಚು ಕೇಳಿ. ಮೂರು ಸಣ್ಣ ಎಎಎ ಸೆಲ್ಲನ್ನು ಪ್ಲಾಸ್ಟಿಕ್ ಗೂಡಿನಲ್ಲಿ ಕೂರಿಸುವ ಗಿಡ್ಡ ಟಾರ್ಚು ಎಲ್ಲ ಕಡೆ ಸಿಗುತ್ತದೆ. ಬೇಡ. ಸೆಲ್ಲು ಚಿಕ್ಕದು, ಗೂಡಿನ ತಗಡುಗಳು ಮೊದಲು ತುಕ್ಕು ಹಿಡಿಯುತ್ತವೆ. ಒಳಗೆ ಸರಿಯಾದ ಸರ್ಕ್ಯೂಟ್ ಇಲ್ಲದ್ದರಿಂದ ಮೊದಲ ಹದಿನೈದು ನಿಮಿಷ ಕಣ್ಣು ಕುಕ್ಕಿ ಆಮೇಲೆ ಮಂಕಾಗುತ್ತಲೇ ಹೋಗುತ್ತದೆ. ಜಿಗ್ ಜಿಗ್ ಅಂತ ಮಿನುಗುವ ಮೋಡ್ ಇರುವುದೂ ಬೇಡ. ರಾತ್ರಿ ಎರಡು ಗಂಟೆಗೆ ಅಮ್ಮ ಬಟನ್ ಒತ್ತಿದರೆ ಅದು ಪೊಲೀಸ್ ಜೀಪಾಗಬಾರದು ಅಲ್ವಾ?

ಅಂಗಡಿಯಲ್ಲೇ ಸೆಲ್ಲು ಹಾಕಿಸಿ. ಹಚ್ಚಿ, ಅಂಗೈಗೆ ಎರಡು ಸಲ ಬಡಿದು ನೋಡಿ, ಬೆಳಕು ನಡುಗಿದರೆ ವಾಪಸು ಕೊಡಿ. ಹಿಂದಿನ ಮುಚ್ಚಳದ ತಿರುಪಿನಲ್ಲಿ ರಬ್ಬರ್ ರಿಂಗ್ ಇದೆಯಾ ನೋಡಿ. ನೀರು ಎಷ್ಟು ತಡೆಯುತ್ತದೆ ಎಂಬುದಕ್ಕೆ ಡಬ್ಬಿ ಮೇಲೆ ಐಪಿಎಕ್ಸ್ ಎಂಬ ಗುರುತು ಇರುತ್ತದೆ. ಐಪಿಎಕ್ಸ್4 ಎಂದಿದ್ದರೆ ಮಳೆ ಹನಿಗೆ ತೊಂದರೆಯಿಲ್ಲ, ಐಪಿಎಕ್ಸ್7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು ಇದ್ದರೂ ನಡೆಯುತ್ತದೆ. ನೆಟ್ಟಗೆ ಮೇಲ್ಮುಖವಾಗಿ ನಿಲ್ಲುವಂತಿದ್ದರೆ ಇನ್ನೂ ಒಳ್ಳೆಯದು. ಆರ್‌ಸಿಸಿ ಮನೆಯಲ್ಲಿ ಬೆಳಕನ್ನು ಬಿಳಿ ಮಾಳಿಗೆಗೆ ಬಿಟ್ಟರೆ ಇಡೀ ಕೋಣೆ ಕಾಣುತ್ತದೆ. ಹಂಚಿನ ಮನೆಯಲ್ಲಿ ಇದು ನಡೆಯುವುದಿಲ್ಲ, ಹೊಗೆ ಹಿಡಿದ ಮಾಡು ಬೆಳಕನ್ನೆಲ್ಲ ನುಂಗುತ್ತದೆ. ಅಲ್ಲಿ ಸುಣ್ಣದ ಗೋಡೆಗೆ ತಿರುಗಿಸಿ, ಇಲ್ಲವೇ ಟಾರ್ಚಿನ ಮೇಲೆ ಬಿಳಿ ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿ.

ನನ್ನ ಅಕ್ಕನ ಮನೆ ಕಾರವಾರದ ಕೋಡಿಬಾಗದಲ್ಲಿದೆ. ಅಲ್ಲಿ ನಮ್ಮಷ್ಟು ಹೊತ್ತು ಕರೆಂಟು ಹೋಗುವುದಿಲ್ಲ, ಆದರೆ ಉಪ್ಪುಗಾಳಿಗೆ ಕಬ್ಬಿಣದ ಸ್ಪ್ರಿಂಗು ಒಂದೇ ಮಳೆಗಾಲದಲ್ಲಿ ಕೆಂಪಗಾಗುತ್ತದೆ. ಕರಾವಳಿಯವರಿಗೆ ಪ್ಲಾಸ್ಟಿಕ್ ಇಲ್ಲವೇ ಅಲ್ಯೂಮಿನಿಯಂ ಮೈ ಇರುವುದೇ ಸರಿ. ತಿಂಗಳಿಗೊಮ್ಮೆ ಸ್ಪ್ರಿಂಗಿನ ತುದಿಯನ್ನೂ ಸೆಲ್ಲಿನ ಎರಡು ತಲೆಗಳನ್ನೂ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದರೆ ಸಾಕು. ಸ್ಯಾಂಡ್ ಪೇಪರ್ ಹಾಕಬೇಡಿ, ಮೇಲಿನ ಲೇಪ ಹೋಗಿ ಬೇಗ ತುಕ್ಕು ಹಿಡಿಯುತ್ತದೆ.

ಅಪ್ಪನ ಟಾರ್ಚನ್ನು ಎಸೆಯಬೇಡಿ. ದೂರಕ್ಕೆ ಬೆಳಕು ಬಿಡಲು ಆ ದೊಡ್ಡ ರಿಫ್ಲೆಕ್ಟರ್ ಈಗಲೂ ಚೆನ್ನ. ತೋಟದಲ್ಲಿ ಹಂದಿ ಬಂದಿದೆಯಾ ಎಂದು ಜಗುಲಿಯಿಂದಲೇ ನೋಡಬಹುದು. ಅದರ ಬಲ್ಬು ಕಳಚಿ ಕೈಯಲ್ಲಿ ಹಿಡಿದುಕೊಂಡು ಎಲೆಕ್ಟ್ರಿಕ್ ಅಂಗಡಿಗೆ ಹೋಗಿ, ಅದೇ ಜಾಗಕ್ಕೆ ಕೂರುವ ಎಲ್‌ಇಡಿ ಬಲ್ಬು ಕೇಳಿ. ಮೂರು ಸೆಲ್ಲಿನದು, ಅಂದರೆ ನಾಲ್ಕೂವರೆ ವೋಲ್ಟ್ ಎಂದು ಮರೆಯದೆ ಹೇಳಿ. ಹಾಕಿದ ಮೇಲೆ ಅಪ್ಪನ ಕೈಗೇ ಕೊಡಿ. ವಯಸ್ಸಾದವರಿಗೆ ಕೈ ತುಂಬುವ ಟಾರ್ಚು, ಮುಂದಕ್ಕೆ ಜರುಗಿಸುವ ಸ್ವಿಚ್ಚು ಗೊತ್ತಿರುತ್ತದೆ. ಹಿಂದಿನ ಪುಟ್ಟ ಬಟನ್ ಅವರಿಗೆ ಕತ್ತಲಲ್ಲಿ ಸಿಗುವುದೇ ಇಲ್ಲ.

ಟಾರ್ಚು ಎಲ್ಲಿಡುತ್ತೀರಿ ಎಂಬುದೂ ಮುಖ್ಯ. ಒಂದು ಹಾಸಿಗೆ ಪಕ್ಕ, ಒಂದು ಹಿಂಬಾಗಿಲ ಮೊಳೆಗೆ. ಮಳೆಗಾಲದಲ್ಲಿ ಹಾವುಗಳು ಒಣ ಜಾಗ ಹುಡುಕಿ ಕಟ್ಟಿಗೆ ರಾಶಿಗೆ, ಬಚ್ಚಲ ಮೂಲೆಗೆ ಬರುತ್ತವೆ. ಕಾಲು ಕೆಳಗಿಡುವ ಮೊದಲು ಬೆಳಕು ನೆಲಕ್ಕೆ ಬೀಳಬೇಕು. ತಲೆಗೆ ಕಟ್ಟುವ ಟಾರ್ಚು ಹಾಲು ಕರೆಯಲು ಅನುಕೂಲ, ಆದರೆ ಮಳೆಹುಳು ಏಳುವ ಸಂಜೆ ಎಲ್ಲ ಬಂದು ಬಾಯಿಗೇ ಬೀಳುತ್ತವೆ. ಹಳದಿ ಛಾಯೆಯ ಎಲ್‌ಇಡಿ ಸಿಕ್ಕರೆ ಹುಳ ಸ್ವಲ್ಪ ಕಡಿಮೆ.

ಮೊಬೈಲ್ ಟಾರ್ಚನ್ನು ನಂಬಿಕೊಳ್ಳಬೇಡಿ, ಫೋನು ಫೋನಿಗೇ ಇರಲಿ. ಪವರ್ ಬ್ಯಾಂಕ್ ಇದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ದೀಪ ತೆಗೆದುಕೊಳ್ಳಿ. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ 1 ವ್ಯಾಟಿನ ದೀಪ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಉರಿಯುತ್ತದೆ. ಕೆಲವು ಪವರ್ ಬ್ಯಾಂಕುಗಳು ಇಷ್ಟು ಸಣ್ಣ ದೀಪ ಹಾಕಿದರೆ ತಾವೇ ಬಂದಾಗುತ್ತವೆ, ಮೊದಲೇ ನೋಡಿಕೊಳ್ಳಿ.

ಉಳಿದ ಸೆಲ್ಲನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಫ್ರಿಜ್ಜಿನಲ್ಲಿ ಬೇಡ, ಹೊರಗೆ ತೆಗೆದಾಗ ನೀರು ಕಟ್ಟುತ್ತದೆ. ಮುಗಿದ ಸೆಲ್ಲನ್ನು ಕಸದ ಜೊತೆ ಬಚ್ಚಲ ಒಲೆಗೆ ಹಾಕುವ ಅಭ್ಯಾಸ ನಮ್ಮ ಕಡೆ ಇದೆ, ಅದು ಸಿಡಿಯುತ್ತದೆ. ಒಂದು ಡಬ್ಬಿಯಲ್ಲಿ ಕೂಡಿಹಾಕಿ ಪೇಟೆಗೆ ಹೋದಾಗ ಹಳೆ ಬ್ಯಾಟರಿ ತೆಗೆದುಕೊಳ್ಳುವವರಿಗೆ ಕೊಡಿ.

ಟಾರ್ಚು ಕೈಯಲ್ಲಿದೆ ಅಂತ ರಾತ್ರಿ ಲೈನ್ ಎಲ್ಲಿ ಬಿದ್ದಿದೆ ನೋಡಲು ಮಾತ್ರ ಹೋಗಬೇಡಿ. ಮನೆಯಲ್ಲಿ ಕರೆಂಟು ಇಲ್ಲ ಎಂದರೆ ಬಿದ್ದ ತಂತಿಯಲ್ಲೂ ಇಲ್ಲ ಎಂದಲ್ಲ, ಒದ್ದೆ ನೆಲದಲ್ಲಿ ತಂತಿ ಮುಟ್ಟದಿದ್ದರೂ ಹೊಡೆಯಬಹುದು. ಕರೆಂಟಿನ ದೂರು ಹೇಳುವ ನಂಬರ್ 1912ಕ್ಕೆ ಫೋನ್ ಮಾಡಿ, ಹತ್ತಿರದ ಕಂಬದ ನಂಬರ್ ಗೊತ್ತಿದ್ದರೆ ಹೇಳಿ. ಆ ಕಂಬದ ನಂಬರನ್ನು ಬಂದ ವಾರವೇ ಹಗಲು ಹೊತ್ತಿನಲ್ಲಿ ನೋಡಿ ಬರೆದಿಟ್ಟುಕೊಳ್ಳಿ.