ಓದುಗರ ಪ್ರಶ್ನೆ, ವೈದ್ಯರ ಉತ್ತರ: ಚರ್ಮದಡಿಯ ಗಾಳಿ, ಎದೆಯೊಳಗಿನ ಗಾಳಿ

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಹುಣಸೆಹಣ್ಣು ಉದುರಿಸಲು ಮರ ಹತ್ತಿದ್ದಾಗ ಕೊಂಬೆ ಮುರಿದು ಬಿದ್ದರು. ಊರ ಹತ್ತಿರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಬಲಗಡೆ ಎರಡು ಪಕ್ಕೆಲುಬು ಮುರಿದಿವೆ ಎಂದು ನೋವಿನ ಮಾತ್ರೆ ಕೊಟ್ಟು ಕಳುಹಿಸಿದರು. ಮೂರನೆಯ ದಿನ ಬೆಳಿಗ್ಗೆ ಕುತ್ತಿಗೆ, ಕೆನ್ನೆ ಊದಿಕೊಂಡವು. ಅಲರ್ಜಿ ಇರಬೇಕೆಂದು ಒಬ್ಬರು ಇಂಜೆಕ್ಷನ್ ಕೊಟ್ಟರು. ಅಜ್ಜಿ ಹರಳೆಣ್ಣೆ ಹಚ್ಚಿ ನೀವಿದರು. ನೀವಿದಲ್ಲೆಲ್ಲ ಕಡ್ಲೆಪುರಿ ಚೀಲ ಒತ್ತಿದ ಹಾಗೆ ಚರಚರ ಎನ್ನುತ್ತಿತ್ತು. ಸಂಜೆಗೆ ಕಣ್ಣು ತೆರೆಯಲಾಗದೆ, ಉಸಿರಾಡಲು ಒದ್ದಾಡತೊಡಗಿದರು. ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದಾಗ ಎದೆಗೆ ಟ್ಯೂಬ್ ಹಾಕಿದರು. ಈಗ ಗುಣವಾಗಿ ಮನೆಯಲ್ಲಿದ್ದಾರೆ. ಮುಖ ಅಷ್ಟು ಊದಿದ್ದರೂ ಅಲ್ಲಿಗೇ ಸೂಜಿ ಚುಚ್ಚಿ ಗಾಳಿ ಏಕೆ ತೆಗೆಯಲಿಲ್ಲ? ಆ ಗಾಳಿ ಹೃದಯಕ್ಕೋ ಮೆದುಳಿಗೋ ಹೋಗಿರಬಹುದೇ? ಅವರು ಮತ್ತೆ ಮರ ಹತ್ತಬಹುದೇ?
– ಓದುಗರೊಬ್ಬರು, ಚಿಂತಾಮಣಿ ತಾಲ್ಲೂಕು

ಉತ್ತರ: ನಿಮ್ಮ ಅಜ್ಜಿಯ ಬೆರಳಿಗೆ ಸಿಕ್ಕಿದ ಆ ಚರಚರ ಸದ್ದಿನಲ್ಲೇ ರೋಗದ ಗುರುತಿತ್ತು. ಅಲರ್ಜಿಯ ಊತ ತುರಿಸಬಹುದು, ಕೆಂಪಾಗಬಹುದು, ಬಿಗಿಯಬಹುದು. ಬೆರಳಿನಡಿ ಸದ್ದು ಮಾಡುವುದಿಲ್ಲ. ಚರ್ಮದ ಕೆಳಗೆ ಗಾಳಿ ಹರಡಿದಾಗ ಮಾತ್ರ ಹಾಗಾಗುತ್ತದೆ. ಎದೆಗೆ ಪೆಟ್ಟು ಬಿದ್ದವರ ಕುತ್ತಿಗೆ ಊದಿದೆ ಎಂದು ಯಾರಾದರೂ ನನಗೆ ಫೋನ್ ಮಾಡಿದರೆ, ಮೊದಲು ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಲು ಹೇಳುತ್ತೇನೆ. ಸದ್ದು ಬಂದರೆ ಎಣ್ಣೆ, ಶಾಖ, ನೀವುವುದು ಯಾವುದೂ ಬೇಡ. 108ಕ್ಕೆ ಕರೆ ಮಾಡಿ.

ನಡೆದದ್ದು ಇಷ್ಟು. ಮುರಿದ ಪಕ್ಕೆಲುಬಿನ ಚೂಪು ತುದಿ ಶ್ವಾಸಕೋಶವನ್ನು ಚುಚ್ಚಿದೆ. ಎಳೆದುಕೊಂಡ ಪ್ರತಿ ಉಸಿರಿನಲ್ಲೂ ಒಂದಿಷ್ಟು ಗಾಳಿ ಆ ತೂತಿನಿಂದ ಸೋರಿ, ಶ್ವಾಸಕೋಶಕ್ಕೂ ಎದೆಗೂಡಿಗೂ ನಡುವಿನ ಜಾಗದಲ್ಲಿ ತುಂಬಿಕೊಂಡಿದೆ. ಇದಕ್ಕೆ ನಾವು ನ್ಯುಮೋಥೊರಾಕ್ಸ್ ಎನ್ನುತ್ತೇವೆ. ಎದೆಗೂಡಿನ ಒಳಪೊರೆಯೂ ಹರಿದಿದ್ದರಿಂದ ಗಾಳಿ ಅಲ್ಲಿಂದ ಸ್ನಾಯುಗಳ ಸಂದಿಯಲ್ಲಿ ನುಸುಳಿ ಚರ್ಮದಡಿಗೆ ಬಂದು, ಸಡಿಲ ಚರ್ಮವಿರುವ ಕುತ್ತಿಗೆ, ಕೆನ್ನೆ, ಕಣ್ಣರೆಪ್ಪೆಗಳಲ್ಲಿ ನಿಂತಿದೆ. ಮೊದಲ ದಿನದ ಎಕ್ಸ್‌ರೇಯಲ್ಲಿ ಇದು ಕಾಣದೇ ಇರಬಹುದು. ಸೋರಿಕೆ ಸಣ್ಣದಿದ್ದಾಗ, ಅದರಲ್ಲೂ ರೋಗಿಯನ್ನು ಮಲಗಿಸಿ ತೆಗೆದ ಚಿತ್ರದಲ್ಲಿ, ಕಣ್ಣು ತಪ್ಪುವುದುಂಟು. ಆದ್ದರಿಂದ ಪಕ್ಕೆಲುಬು ಮುರಿದವರಿಗೆ ಉಸಿರಿನ ತೊಂದರೆ ಕಾಣಿಸಿದರೆ, ಮೊನ್ನೆ ತಾನೇ ತೆಗೆಸಿದ್ದೇವೆ ಎಂದು ಸುಮ್ಮನಿರದೆ ಎಕ್ಸ್‌ರೇ ಮತ್ತೊಮ್ಮೆ ತೆಗೆಸಬೇಕು.

ಈಗ ಸೂಜಿಯ ವಿಚಾರ. ಊದಿದ ಮುಖ ನೋಡಲು ಭಯ ಹುಟ್ಟಿಸುತ್ತದೆ ನಿಜ, ಆದರೆ ಹೆಚ್ಚಿನವರಲ್ಲಿ ಅದರಿಂದ ಅಪಾಯವಿಲ್ಲ. ಆ ಗಾಳಿ ಒಂದೇ ಕಡೆ ಗುಳ್ಳೆಯಾಗಿ ನಿಂತಿರುವುದಿಲ್ಲ, ಸಾವಿರಾರು ಸಣ್ಣ ಸಂದಿಗಳಲ್ಲಿ ಹಂಚಿಹೋಗಿರುತ್ತದೆ. ಎಷ್ಟು ಚುಚ್ಚಿದರೂ ಅಷ್ಟೇ. ಊತಕ್ಕೆ ಮದ್ದು ಹುಡುಕದೆ ತೂತನ್ನು ಹುಡುಕಬೇಕು. ಎದೆಯ ಟ್ಯೂಬಿನಿಂದ ಗಾಳಿ ಹೊರಹೋಗಿ ಶ್ವಾಸಕೋಶ ಹಿಗ್ಗಿ ಎದೆಗೂಡಿಗೆ ಅಂಟಿಕೊಂಡರೆ ತೂತು ತಾನಾಗಿ ಮುಚ್ಚುತ್ತದೆ. ಚರ್ಮದಡಿ ಉಳಿದ ಗಾಳಿ ದಿನಗಳಲ್ಲಿ, ಕೆಲವರಲ್ಲಿ ವಾರಗಳಲ್ಲಿ, ರಕ್ತಕ್ಕೆ ಸೇರಿ ಉಸಿರಿನೊಡನೆ ಹೊರಟುಹೋಗುತ್ತದೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಾದ್ದರಿಂದ ಅದು ನಿಧಾನವಾಗಿ ಕರಗುತ್ತದೆ. ಮೂಗಿಗೆ ಆಮ್ಲಜನಕದ ಮಾಸ್ಕ್ ಹಾಕಿದರೆ ರಕ್ತದಲ್ಲಿ ಸಾರಜನಕ ಇಳಿದು, ಒಳಗೆ ಸಿಕ್ಕಿಕೊಂಡದ್ದು ಬೇಗ ಬಿಡುಗಡೆಯಾಗುತ್ತದೆ. ಧ್ವನಿಪೆಟ್ಟಿಗೆಯ ಸುತ್ತ ಗಾಳಿ ಒತ್ತಿ ಉಸಿರಿಗೇ ಅಡ್ಡಿಯಾದಾಗ ಮಾತ್ರ ಕೊರಳೆಲುಬಿನ ಕೆಳಗೆ ಸಣ್ಣ ಗಾಯ ಮಾಡಿ ಗಾಳಿ ಬಿಡುವುದುಂಟು.

ಮೆದುಳಿಗೆ ಹೋಗಿರಬಹುದೆಂಬ ಭಯ ಬಿಡಿ. ಈ ಗಾಳಿ ಇರುವುದು ರಕ್ತನಾಳಗಳ ಹೊರಗೆ. ಹೃದಯದ ಸುತ್ತ ಅದು ಸೇರಬಹುದು, ಹೆಚ್ಚಿನ ಸಲ ತಾನಾಗಿ ಕರಗುತ್ತದೆ. ನಾನು ನಿಜವಾಗಿ ಹೆದರುವುದು ಬೇರೊಂದಕ್ಕೆ. ಶ್ವಾಸಕೋಶದ ತೂತು ಗಾಳಿಯನ್ನು ಹೊರಗೆ ಬಿಡುತ್ತದೆ, ಮರಳಿ ಒಳಗೆ ಬಿಡುವುದಿಲ್ಲ ಎಂದಾದರೆ ಎದೆಯ ಆ ಬದಿಯಲ್ಲಿ ಒತ್ತಡ ಏರುತ್ತಲೇ ಹೋಗುತ್ತದೆ. ಹೃದಯ ಇನ್ನೊಂದು ಬದಿಗೆ ಸರಿದು, ಅದಕ್ಕೆ ರಕ್ತ ಬಂದು ಸೇರುವುದು ಕಡಿಮೆಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಮೈ ಬೆವರಿ ತಣ್ಣಗಾಗುವುದು, ತುಟಿ ನೀಲಿಗಟ್ಟುವುದು, ಕುತ್ತಿಗೆಯ ನರಗಳು ಉಬ್ಬುವುದು, ಒಂದು ವಾಕ್ಯ ಪೂರ್ತಿ ಮಾತಾಡಲಾಗದಿರುವುದು ಅದರ ಗುರುತು. ಆಗ ಎಕ್ಸ್‌ರೇಗೆ ಕಾಯದೆ ವೈದ್ಯರು ಎದೆಗೆ ದಪ್ಪ ಸೂಜಿ ಚುಚ್ಚುತ್ತಾರೆ. ಈ ಒಂದು ಸಂದರ್ಭದಲ್ಲಿ ಸೂಜಿ ಪ್ರಾಣ ಉಳಿಸುತ್ತದೆ.

ಟ್ಯೂಬ್ ಹಾಕಿಸಿಕೊಂಡವರ ಮನೆಯವರಿಗೂ ಒಂದು ಮಾತು ಹೇಳಲೇಬೇಕು. ಟ್ಯೂಬಿನ ಇನ್ನೊಂದು ತುದಿ ಬಾಟಲಿಯ ನೀರಿನೊಳಗೆ ಮುಳುಗಿರುತ್ತದೆ. ಕೆಮ್ಮಿದಾಗ ನೀರಿನಲ್ಲಿ ಗುಳ್ಳೆ ಬಂದರೆ ಎದೆಯ ಗಾಳಿ ಹೊರಬರುತ್ತಿದೆ ಎಂದರ್ಥ, ಗಾಬರಿ ಬೇಡ. ಬಾಟಲಿ ಯಾವಾಗಲೂ ಎದೆಗಿಂತ ಕೆಳಗಿರಬೇಕು. ಮೇಲೆತ್ತಿದರೆ ನೀರು ಎದೆಯೊಳಗೆ ಹರಿಯಬಹುದು. ರೋಗಿಯನ್ನು ಬೆಂಗಳೂರಿಗೆ ಆಂಬ್ಯುಲೆನ್ಸ್‌ನಲ್ಲಿ ಸಾಗಿಸುವಾಗ, ನೀರು ಚೆಲ್ಲೀತೆಂದು ಟ್ಯೂಬಿಗೆ ಕ್ಲಿಪ್ ಹಾಕಿಬಿಡುವವರಿದ್ದಾರೆ. ಗುಳ್ಳೆ ಬರುತ್ತಿರುವ ಟ್ಯೂಬನ್ನು ಮುಚ್ಚಿದರೆ ನಾನು ಮೇಲೆ ಹೇಳಿದ ಆ ಒತ್ತಡ ದಾರಿಯಲ್ಲೇ ಏರುತ್ತದೆ. ದಯವಿಟ್ಟು ಕ್ಲಿಪ್ ಹಾಕಿದ್ದಾರೆಯೇ ಎಂದು ಕೇಳಿ, ನೋಡಿ, ಬೇಡವೆಂದು ಹೇಳಿ. ಟ್ಯೂಬ್ ಹಾಕಿದ ಮೇಲೆ ಊತ ಹೆಚ್ಚಾದರೂ ತಕ್ಷಣ ತಿಳಿಸಿ. ಟ್ಯೂಬ್ ಮಡಚಿಕೊಂಡಿರಬಹುದು, ಇಲ್ಲವೇ ಸ್ವಲ್ಪ ಹೊರಜಾರಿ ಅದರ ಪಕ್ಕದ ತೂತು ಚರ್ಮದಡಿಗೆ ಬಂದಿರಬಹುದು.

ಮರ ಹತ್ತುವುದನ್ನು ಪಕ್ಕೆಲುಬು ಕೂಡಿ, ಎಕ್ಸ್‌ರೇ ನೋಡಿದ ವೈದ್ಯರು ಒಪ್ಪುವವರೆಗೆ ಮರೆತುಬಿಡಿ. ಮರ ಹತ್ತದ ನನ್ನ ಮಾತು ಕೇಳುವುದಾದರೆ, 58ರ ಹಿರಿಯರು ಕೆಳಗೆ ನಿಂತು ದೋಟಿ ಹಿಡಿದರೆ ಸಾಕು. ಇನ್ನೊಂದು ಮಾತು: ನಮ್ಮ ಕಡೆ ಮೂಳೆ ಮುರಿದರೆ ಪುತ್ತೂರು ಕಟ್ಟು ಹಾಕಿಸುವ ನಂಬಿಕೆ ಬಲವಾಗಿದೆ. ಪಕ್ಕೆಲುಬಿಗೆ ಮಾತ್ರ ಯಾವ ಬಿಗಿ ಕಟ್ಟೂ ಬೇಡ. ಎದೆ ಹಿಗ್ಗದೆ ಕಫ ಕಟ್ಟಿಕೊಂಡು ನ್ಯುಮೋನಿಯಾ ಬರುತ್ತದೆ. ನೋವಿನ ಮಾತ್ರೆ ಸರಿಯಾಗಿ ನುಂಗಿ, ದೀರ್ಘವಾಗಿ ಉಸಿರೆಳೆದು, ದಿಂಬನ್ನು ಎದೆಗೆ ಒತ್ತಿ ಹಿಡಿದು ಕೆಮ್ಮಬೇಕು.

ಪೆಟ್ಟೇ ಬೀಳದೆಯೂ ಚರ್ಮದಡಿ ಗಾಳಿ ಸೇರುವುದುಂಟು. ಅಸ್ತಮಾ ಉಲ್ಬಣಿಸಿದಾಗ, ನಿಲ್ಲದ ಕೆಮ್ಮಿನಲ್ಲಿ, ಹೆರಿಗೆಯಲ್ಲಿ ಮುಕ್ಕುವಾಗ ಶ್ವಾಸಕೋಶದ ಗಾಳಿಗೂಡು ಒಡೆದು, ಗಾಳಿ ರಕ್ತನಾಳಗಳ ಪಕ್ಕದ ದಾರಿ ಹಿಡಿದು ಎದೆಯ ನಡುವಿಗೆ, ಅಲ್ಲಿಂದ ಕುತ್ತಿಗೆಗೆ ಏರುತ್ತದೆ. ಕ್ಷಯ ಇರುವವರಲ್ಲಿ, ಕಲ್ಲು ಕ್ವಾರಿಯ ಧೂಳು ಕುಡಿದವರಲ್ಲಿ, ಕೆಜಿಎಫ್ ಗಣಿಯಲ್ಲಿ ದುಡಿದು ಸಿಲಿಕೋಸಿಸ್ (ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗ) ಹೊತ್ತ ಹಿರಿಯರಲ್ಲಿ ಶ್ವಾಸಕೋಶ ಮೊದಲೇ ಹಾಳಾಗಿರುವುದರಿಂದ ಸಣ್ಣ ನ್ಯುಮೋಥೊರಾಕ್ಸ್ ಕೂಡ ಭಾರಿಯಾಗುತ್ತದೆ. ಜೋರಾಗಿ ವಾಂತಿಯಾದ ಮೇಲೆ ಎದೆ ಸೀಳುವಂಥ ನೋವು ಬಂದು ಕುತ್ತಿಗೆ ಚರಚರ ಎಂದರೆ ಅನ್ನನಾಳ ಹರಿದಿರಬಹುದು. ಹಾಲೆಂಡಿನ ವೈದ್ಯ ಬೋರ್ಹಾವ 1724ರಲ್ಲೇ ಇದನ್ನು ವಿವರಿಸಿದ್ದ. ಇಂದಿಗೂ ಗಂಟೆಗಳು ತಡವಾದರೆ ಪ್ರಾಣಕ್ಕೆ ಬರುವ ಕಾಯಿಲೆ ಇದು. ಕೊಳೆತ ಗಾಯದ ಸುತ್ತ ಚರಚರ ಎಂದರೆ ಅದು ಗ್ಯಾಸ್ ಗ್ಯಾಂಗ್ರೀನ್, ಅಂದರೆ ಮಾಂಸ ಕೊಳೆಸಿ ಗಾಳಿ ಹುಟ್ಟಿಸುವ ರೋಗಾಣುಗಳ ಸೋಂಕು, ಆಗಿರಬಹುದು, ಅದಕ್ಕೂ ಕಾಯುವಂತಿಲ್ಲ. ಪಂಕ್ಚರ್ ಅಂಗಡಿಯಲ್ಲಿ, ಬೋರ್‌ವೆಲ್ ಲಾರಿಯ ಬಳಿ ಕಂಪ್ರೆಸರ್ ಪೈಪಿನಿಂದ ಮೈಯ ಧೂಳು ಹೊಡೆದುಕೊಳ್ಳುವ ಹುಡುಗರಿಗೂ ಹೇಳುತ್ತೇನೆ: ಕೈಯ ಒಂದು ಗಾಯ ಸಾಕು, ಗಾಳಿ ತೋಳಿನವರೆಗೆ ಏರುತ್ತದೆ.

ಪ್ರಶ್ನೆ: ನನಗೆ 22 ವರ್ಷ, ನಾದಸ್ವರ ನುಡಿಸುತ್ತೇನೆ. ಉದ್ದಕ್ಕೆ ಸಣಕಲಾಗಿದ್ದೇನೆ. ಸುಮ್ಮನೆ ಕುಳಿತಿದ್ದಾಗ ಎಡ ಎದೆ ಚುಚ್ಚಿದಂತಾಯಿತು. ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಮಲಗಿದೆ. ಮರುದಿನ ಎಕ್ಸ್‌ರೇ ನೋಡಿ ಶ್ವಾಸಕೋಶ ಕುಗ್ಗಿದೆ ಎಂದು ಟ್ಯೂಬ್ ಹಾಕಿದರು. ಮತ್ತೆ ಊದಬಹುದೇ? ದುಬೈಗೆ ಕಾರ್ಯಕ್ರಮವಿದೆ, ವಿಮಾನ ಹತ್ತಬಹುದೇ? ಸಿಗರೇಟು ಸೇದುವ ಅಭ್ಯಾಸವಿದೆ.
– ಮಾಲೂರು

ಉತ್ತರ: ನಾದಸ್ವರಕ್ಕಿಂತ ಮೊದಲು ಸಿಗರೇಟಿನ ಮಾತು. ಉದ್ದ, ಸಣಕಲು ಯುವಕರಲ್ಲಿ ಕೆಲವರ ಶ್ವಾಸಕೋಶದ ತುದಿಯಲ್ಲಿ ತೆಳುವಾದ ಗುಳ್ಳೆಗಳಿರುತ್ತವೆ. ಅವು ಸುಮ್ಮನೆ ಕುಳಿತಿದ್ದಾಗಲೂ ಒಡೆಯುತ್ತವೆ. ಸೇದದ ಗಂಡಸರಲ್ಲಿ ಜೀವಮಾನದಲ್ಲಿ ಹೀಗಾಗುವ ಸಂಭವ ಸಾವಿರಕ್ಕೆ ಒಬ್ಬರಷ್ಟಿದ್ದರೆ, ಸೇದುವವರಲ್ಲಿ ನೂರಕ್ಕೆ 12ರವರೆಗೆ ಏರುತ್ತದೆ. ಒಮ್ಮೆ ಬಂದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಮತ್ತೆ ಬರುತ್ತದೆ. ತಮ್ಮಾ, ನಿನ್ನ ಉಸಿರೇ ನಿನ್ನ ಅನ್ನ. ಸಿಗರೇಟನ್ನು ಇಂದೇ ಬಿಡು.

ವಿಮಾನದೊಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದಲ್ಲಿರುವಷ್ಟೇ ಇರುತ್ತದೆ. ನಮ್ಮ ನಂದಿ ಬೆಟ್ಟದ ತುದಿಯೇ 5,000 ಅಡಿ ಮುಟ್ಟುವುದಿಲ್ಲ. ಎದೆಯಲ್ಲಿ ಗಾಳಿ ಉಳಿದಿದ್ದರೆ ಅಲ್ಲಿ ಅದು ಹಿಗ್ಗುತ್ತದೆ. ಶ್ವಾಸಕೋಶ ಪೂರ್ತಿ ಹಿಗ್ಗಿದೆ ಎಂದು ಎಕ್ಸ್‌ರೇ ತೋರಿಸಿದ ಮೇಲೆ ಕನಿಷ್ಠ 7 ದಿನ ಕಳೆದು, ವೈದ್ಯರ ಚೀಟಿ ಇಟ್ಟುಕೊಂಡು ಹತ್ತು. ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕಿಳಿಯುವ ಆಟ ಮಾತ್ರ ಇನ್ನು ನಿನಗಲ್ಲ. ಊದುವುದನ್ನೂ ಚಿಕಿತ್ಸೆ ಕೊಟ್ಟ ವೈದ್ಯರ ಒಪ್ಪಿಗೆಯ ನಂತರ, ಸ್ವಲ್ಪ ಸ್ವಲ್ಪವಾಗಿ ಶುರು ಮಾಡು. ಈ ಮದುವೆ ಕಾಲವನ್ನು ಗುರುಗಳು ಬೇರೆಯವರಿಂದ ನಿಭಾಯಿಸಲಿ. ಇದೇ ಬದಿಯಲ್ಲಿ ಎರಡನೆಯ ಸಲ ಬಂದರೆ, ಗುಳ್ಳೆ ತೆಗೆದು ಶ್ವಾಸಕೋಶವನ್ನು ಎದೆಗೂಡಿಗೆ ಅಂಟಿಸುವ ಕೀಹೋಲ್ (ಸಣ್ಣ ತೂತುಗಳ ಮೂಲಕ ಮಾಡುವ) ಶಸ್ತ್ರಚಿಕಿತ್ಸೆಯಿದೆ. ಎದೆ ಚುಚ್ಚಿದರೆ ಗ್ಯಾಸ್ಟ್ರಿಕ್ ಎಂದು ಮಲಗುವುದು ಇನ್ನು ಬೇಡ.

ಪ್ರಶ್ನೆ: ಕೆಳಗಿನ ಬುದ್ಧಿಹಲ್ಲು ಕೀಳುವಾಗ ಕುರ್ಚಿಯಲ್ಲೇ ನನ್ನ ಕೆನ್ನೆ ಊದಿ, ಮುಟ್ಟಿದರೆ ಚರಚರ ಎಂದಿತು. ವಾರದಲ್ಲಿ ಇಳಿಯಿತು. ಏನಿದು? ಇನ್ನೊಂದು ಹಲ್ಲನ್ನೂ ಕೀಳಿಸಬೇಕಿದೆ.
– ಗೃಹಿಣಿ, ತುಮಕೂರು

ಉತ್ತರ: ಹಲ್ಲು ಕೊರೆಯುವ ಯಂತ್ರ ತಿರುಗುವುದು ಒತ್ತಡದ ಗಾಳಿಯಿಂದ. ಆ ಗಾಳಿ ಒಸಡಿನ ಗಾಯದಿಂದ ಕೆನ್ನೆಗೆ ನುಗ್ಗಿದೆ. ಮುಂದಿನ ಹಲ್ಲಿನ ವೇಳೆ ಇದನ್ನು ಮೊದಲೇ ಹೇಳಿ. ಗಾಯದ ಕಡೆ ಗಾಳಿ ಬಿಡದ ಶಸ್ತ್ರಚಿಕಿತ್ಸೆಯ ಯಂತ್ರಗಳಿವೆ. ಕಿತ್ತ ಮೇಲೆ ಕೆಲವು ದಿನ ಮೂಗನ್ನು ಜೋರಾಗಿ ಸೀದುವುದು, ರಭಸದಿಂದ ಬಾಯಿ ಮುಕ್ಕಳಿಸುವುದು, ಬಲೂನು ಊದುವುದು ಬೇಡ. ಬಾಯಿಯ ರೋಗಾಣುಗಳೂ ಗಾಳಿಯೊಡನೆ ಒಳಗೆ ಹೋಗಿರುತ್ತವೆ. ಊತದ ಜೊತೆ ಜ್ವರ, ನುಂಗಲು ಕಷ್ಟ, ಧ್ವನಿ ಬದಲಾಗುವುದು ಅಥವಾ ಎದೆನೋವು ಕಂಡರೆ ದಂತವೈದ್ಯರ ಅಪಾಯಿಂಟ್‌ಮೆಂಟಿಗೆ ಕಾಯದೆ ಅಂದೇ ದೊಡ್ಡ ಆಸ್ಪತ್ರೆಗೆ ಹೋಗಿ.